ನಾಲ್ಕು ಓಟಿನ ವಾರ್ಡು

ಜನವರಿ 12, 2004
ಶ್ರೀಮತಿ ಲೊರೇನ್ ಹ್ರುಸ್ಕಾ ಅವರಿಗೆ
ಎರಡನೇ ವಾರ್ಡಿನ ಸದಸ್ಯರು, ಪುರಸಭೆ, ಲಿಪಾ ಗ್ರೋವ್, ಅಯೋವಾ

ಮಾನ್ಯರೇ,

ನನ್ನ ಹೆಸರು ವೆಂಡಲ್ ಟ್ರೈಸ್. ನಿಮ್ಮ ವಾರ್ಡಿನವನು. ಲಕೋಟೆಯ ಮೇಲಿನ ಮುದ್ರೆ ನೋಡಿದಾಗಲೇ ಗೊತ್ತಾಗಿರುತ್ತದೆ, ನಾನಿರುವುದು ನಿಮ್ಮೂರ ಗುಡ್ಡದ ಮೇಲಿನ ಜೈಲಿನಲ್ಲಿ. ಹಾಗಂತ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ, ಪೂರ್ತಿ ಓದಿ.

ಇಲ್ಲಿನ ವಾಚನಾಲಯಕ್ಕೆ ನಿಮ್ಮೂರ ವಾರಪತ್ರಿಕೆ ತಡವಾಗಿಯಾದರೂ ಬರುತ್ತದೆ. ನೀವು ನಾಲ್ಕು ಓಟಿನಿಂದ ಗೆದ್ದ ಸುದ್ದಿ ಅದರಲ್ಲಿತ್ತು. ಯಾರೂ ಚುನಾವಣೆಗೆ ನಿಂತಿರಲಿಲ್ಲ, ನಾಲ್ಕು ಜನ ಮತಪತ್ರದ ಮೇಲೆ ಕೈಯಿಂದ ನಿಮ್ಮ ಹೆಸರು ಬರೆದರು, ನೀವು ಗೆದ್ದಿರಿ. ನಮ್ಮ ಬ್ಲಾಕಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ನಾನು ಯೋಚಿಸಿದೆ. ಊರಿನ ನಾಲ್ಕೂ ವಾರ್ಡುಗಳಲ್ಲಿ ತಲಾ ಸಾವಿರದ ಮುನ್ನೂರು ಜನ ಇರಬೇಕೆಂದು ಲೆಕ್ಕ. ಮಿಕ್ಕ ವಾರ್ಡುಗಳಲ್ಲಿ ಅವರು ಮನೆಗಳಲ್ಲಿದ್ದಾರೆ. ನಿಮ್ಮದರಲ್ಲಿ ಮನೆಗಳಲ್ಲಿರುವವರು ಅರವತ್ತು ಜನರಿದ್ದರೆ ಹೆಚ್ಚು. ಉಳಿದವರು ನಾವು. ಕಳೆದ ಜನಗಣತಿಯಲ್ಲಿ ನಮ್ಮನ್ನು ಮಂಚ ಇರುವ ಜಾಗದಲ್ಲೇ ಎಣಿಸಿದರು. ನಮಗೆ ಓಟಿಲ್ಲ. ಆದರೆ ನಾವಿಲ್ಲದಿದ್ದರೆ ನಿಮ್ಮ ವಾರ್ಡೂ ಇಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ತಿಂಗಳ ಮೊದಲ ಶನಿವಾರ ವಾಟರ್ಲೂನಿಂದ ಚರ್ಚಿನ ಬಸ್ಸು ನಮ್ಮ ಮನೆಯವರನ್ನು ಕರೆತರುತ್ತದೆ. ಭೇಟಿಯ ಕೋಣೆ ಚಿಕ್ಕದು, ಅರ್ಧ ಜನ ಒಳಗೆ ಬಂದರೆ ಮಿಕ್ಕರ್ಧ ಜನ ನಿಮ್ಮೂರ ಚೌಕದಲ್ಲಿ ಕಾಯಬೇಕು. ಆ ಬಸ್ಸನ್ನು ಚೌಕದಲ್ಲಿ ನಿಲ್ಲಿಸಬಾರದು ಎಂಬ ನಿಯಮ ನಿಮ್ಮ ಸಭೆಯ ಮುಂದೆ ಬರುತ್ತಿದೆಯಂತೆ. ನಿಲ್ಲಲು ಜಾಗವಿಲ್ಲದಿದ್ದರೆ ಬಸ್ಸನ್ನೇ ನಿಲ್ಲಿಸುತ್ತೇವೆ ಎಂದು ಚರ್ಚಿನವರು ಹೇಳಿದ್ದಾರೆ.

ನನ್ನ ಅಮ್ಮ ಅರ್ನೆಸ್ಟೀನ್‌ಗೆ ಎಪ್ಪತ್ತೊಂದು ವರ್ಷ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗುತ್ತಿದೆ. ಬೇಸಿಗೆ ಕಳೆಯುವಷ್ಟರಲ್ಲಿ ಪೂರ್ತಿ ಹೋಗಬಹುದು ಎಂದಿದ್ದಾರೆ ಡಾಕ್ಟರು. ಅವಳು ನನ್ನನ್ನು ಕೊನೆಯದಾಗಿ ನೋಡಿದ್ದು ಅಕ್ಟೋಬರಿನಲ್ಲಿ. ಬಸ್ಸು ಬಿಟ್ಟರೆ ಅವಳಿಗೆ ಬೇರೆ ದಾರಿಯಿಲ್ಲ. ಕಣ್ಣಿರುವಾಗ ಅವಳು ನನ್ನ ಮುಖ ನೋಡಬೇಕು. ಅಷ್ಟೇ.

ವಿಶ್ವಾಸದ,
ವೆಂಡಲ್ ಟ್ರೈಸ್


ಜನವರಿ 20, 2004

ಶ್ರೀ ಟ್ರೈಸ್ ಅವರಿಗೆ,

ನಿಮ್ಮ ಕಾಗದ ಪುರಸಭೆಯ ಕಚೇರಿಗೆ ತಲುಪಿದೆ. ಮೊದಲಿಗೆ ನಮ್ಮ ಇಸ್ಪೀಟು ಗುಂಪಿನವರೇ ತಮಾಷೆಗೆ ಬರೆದಿದ್ದಾರೆ ಎಂದುಕೊಂಡೆ. ನನ್ನ ಹೆಸರು ಬರೆದು ಗೆಲ್ಲಿಸಿದ ಮಹಾನುಭಾವರೂ ಅವರೇ. ನಮ್ಮ ಬೀದಿಯ ಹಿಮ ತೆಗೆಯಲು ಪುರಸಭೆಯ ಗಾಡಿ ಬರುವುದಿಲ್ಲ ಎಂದು ನಾನು ಪ್ರತಿ ಆಟದಲ್ಲೂ ಗೊಣಗುತ್ತಿದ್ದೆ. “ನಿಂಗೆ ಬಾಯಿ ಜಾಸ್ತಿ ಕಣೇ, ಹೋಗಿ ಅಲ್ಲೇ ಮಾತಾಡು” ಎಂದು ಕಳಿಸಿದರು. ಓಟಿನ ದಿನ ನಾನು ಊರಿನಲ್ಲೇ ಇರಲಿಲ್ಲ, ಮಗಳ ಹೆರಿಗೆಗೆಂದು ದೊಡ್ಡೂರಿನ ಆಸ್ಪತ್ರೆಗೆ ಹೋಗಿದ್ದೆ.

ಜೈಲಿನ ಒಳಗಿನ ಯಾವ ವಿಷಯಕ್ಕೂ ಪುರಸಭೆಗೆ ಅಧಿಕಾರವಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ಬಸ್ಸಿನ ವಿಷಯವನ್ನು ಗಮನದಲ್ಲಿ ಇಟ್ಟುಕೊಳ್ಳುತ್ತೇನೆ. ನಿಮ್ಮ ತಾಯಿಯವರು ಗುಣವಾಗಲಿ.

ಲೊರೇನ್ ಹ್ರುಸ್ಕಾ


ಜನವರಿ 29, 2004

ಮೇಡಂ,

ನೀವು ಉತ್ತರ ಬರೆಯುತ್ತೀರೆಂದು ಇಲ್ಲಿ ಯಾರೂ ನಂಬಿರಲಿಲ್ಲ. ಕಾಗದವನ್ನು ಮೂರು ಕೋಣೆಯವರು ಕೈಯಿಂದ ಕೈಗೆ ದಾಟಿಸಿ ಓದಿದರು. ಹದಿನೆಂಟು ವರ್ಷದಿಂದ ಇಲ್ಲಿರುವ ಒಬ್ಬ ಮುದುಕ, “ನಂಗೂ ಒಬ್ರು ಮೆಂಬರು ಅಂತ ಇದ್ರಾ ಇಷ್ಟ್ ದಿನ?” ಎಂದು ಕೇಳಿದ.

ಗಮನದಲ್ಲಿ ಇಟ್ಟುಕೊಳ್ಳುತ್ತೇನೆ ಎಂದಿರಲ್ಲ, ನನಗೆ ಅಷ್ಟು ಸಾಕು. ಫೋನಿನಲ್ಲಿ ಅಮ್ಮನಿಗೂ ಹೇಳಿಬಿಟ್ಟೆ, ನಮ್ಮ ಮೆಂಬರು ನಮ್ಮ ಕಡೆ ಇದ್ದಾರೆ ಎಂದು. ಜನವರಿಯಲ್ಲಿ ಕಣ್ಣಿನ ಆಪರೇಷನ್ ಆಗಿದ್ದರಿಂದ ಫೆಬ್ರವರಿಯಲ್ಲಿ ಬರಲಾರಳು, ಮಾರ್ಚಿಗೆ ಬರುತ್ತಾಳೆ. ಅವಳು ನಿಮ್ಮ ಹೆಸರು ಬಾಯಿಪಾಠ ಮಾಡಿಕೊಂಡಿದ್ದಾಳೆ. ಅವಳು ಓಟು ಹಾಕದ ವರ್ಷವೇ ಇಲ್ಲ. “ಯಾವ ಪಾರ್ಟಿಯವ್ರೋ ಆಕೆ?” ಎಂದು ಕೇಳಿದಳು. ಇಸ್ಪೀಟು ಪಾರ್ಟಿ ಎಂದೆ. ತುಂಬ ದಿನದ ಮೇಲೆ ನಕ್ಕಳು.

ವೆಂಡಲ್


ಫೆಬ್ರವರಿ 5, 2004

ಶ್ರೀ ಟ್ರೈಸ್ ಅವರಿಗೆ,

ದಯವಿಟ್ಟು ನಿಮ್ಮ ತಾಯಿಗೆ ಏನೂ ಭರವಸೆ ಕೊಡಬೇಡಿ. ಪುರಸಭೆಯ ಯಾವ ನಿಯಮವನ್ನಾದರೂ ಮೂರು ಸಭೆಗಳಲ್ಲಿ ಮೂರು ಸಲ ಓದಿ, ಮೂರು ಸಲವೂ ಓಟಿಗೆ ಹಾಕಬೇಕು. ಕಳೆದ ಸೋಮವಾರದ ಹಿಂದಿನ ಸೋಮವಾರ ಮೊದಲ ಓದು ಆಯಿತು. ಇನ್ನೂ ಎರಡು ಬಾಕಿ ಇವೆ. ಸದ್ಯಕ್ಕೆ ಬಸ್ಸು ಬರುತ್ತದೆ. ಇದಕ್ಕಿಂತ ಹೆಚ್ಚು ಹೇಳಲಾರೆ.

ಲೊ. ಹ್ರುಸ್ಕಾ


ಫೆಬ್ರವರಿ 16, 2004

ಶ್ರೀಮತಿ ಹ್ರುಸ್ಕಾ ಅವರಿಗೆ,

ಹೆಚ್ಚು ಹೇಳಲಾರೆ ಎಂದಿರಿ. ಹೇಳುವ ಕಷ್ಟ ನಿಮಗೆ ಬೇಡ, ಪತ್ರಿಕೆಯೇ ಹೇಳಿತು. ನಾಲ್ಕು ವಾರ್ಡಿನವರು, ಇಡೀ ಊರಿನಿಂದ ಆರಿಸಿಬಂದ ಒಬ್ಬರು, ಒಟ್ಟು ಐದು ಓಟು. ಬಸ್ಸು ತಡೆಯುವ ನಿಯಮಕ್ಕೆ ಪರ ಮೂರು, ವಿರುದ್ಧ ಎರಡು. ಪರವಾಗಿ ಕೈ ಎತ್ತಿದ ಮೂವರಲ್ಲಿ ನಿಮ್ಮ ಹೆಸರು ಮೂರನೆಯದು.

ಕೈ ಎತ್ತಿದ್ದಕ್ಕಿಂತ ಅದನ್ನು ಮುಚ್ಚಿಟ್ಟಿದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತಿದೆ. ನಾನು ಬೆಳೆದ ಬೀದಿಯ ಗಂಡಸರಲ್ಲಿ ಎಷ್ಟೋ ಜನ ಈ ಗುಡ್ಡದ ಮೇಲಿದ್ದಾರೆ. ವಾಟರ್ಲೂವಿನ ಲೆಕ್ಕದಲ್ಲಿ ನಾವು ಕಡಿಮೆಯಾದೆವು, ನಿಮ್ಮೂರಿನ ಲೆಕ್ಕದಲ್ಲಿ ಜಾಸ್ತಿಯಾದೆವು. ನಮ್ಮ ತಲೆ ತೋರಿಸಿ ನಿಮ್ಮೂರು ರಸ್ತೆಗೆ ಹಣ ತರಿಸಿಕೊಂಡಿತು, ನಿಮಗೊಂದು ಕುರ್ಚಿ ಮಾಡಿಕೊಟ್ಟಿತು. ಆ ರಸ್ತೆಯ ಮೇಲೆ ನಮ್ಮ ಅಮ್ಮಂದಿರ ಬಸ್ಸು ನಿಂತರೆ ಮಾತ್ರ ಊರು ಹೊಲಸಾಗುತ್ತದೆ. ಅಲ್ಲವೇ?

ಅಮ್ಮನಿಗೆ ನಾನಿದನ್ನು ಹೇಳಿಲ್ಲ. ನಿಮ್ಮ ಮರ್ಯಾದೆ ಉಳಿಸಲು ಅಲ್ಲ, ಅವಳ ನಗು ಉಳಿಸಲು.

ವೆಂಡಲ್ ಟ್ರೈಸ್


ಫೆಬ್ರವರಿ 22, 2004

ಟ್ರೈಸ್ ಅವರಿಗೆ,

ನಿಮ್ಮ ಕಾಗದ ಓದಿ, ಸಿಟ್ಟಿನಲ್ಲಿ ಅದನ್ನು ಎರಡು ದಿನ ಡ್ರಾಯರಿನೊಳಗೆ ತಳ್ಳಿಟ್ಟಿದ್ದೆ. ನನ್ನ ಪಾಡೂ ಸ್ವಲ್ಪ ಕೇಳಿ.

ನನಗೆ ಓಟು ಬರೆದವರು ನನ್ನ ಗಂಡ ಮೈಲೊ, ಅವನ ತಮ್ಮ, ನನ್ನ ಬಾಲ್ಯದ ಗೆಳತಿ ವ್ಲಾಸ್ಟಾ ಮತ್ತು ಅವಳ ಗಂಡ. ಚೌಕದಲ್ಲಿ ಬೇಕರಿ ನಡೆಸುವವಳು ವ್ಲಾಸ್ಟಾ. ಬಸ್ಸಿನವರು ಶೌಚಾಲಯಕ್ಕೆಂದು ಅವಳ ಅಂಗಡಿಗೇ ನುಗ್ಗುತ್ತಾರೆ. ‘ಗಿರಾಕಿಗಳಿಗೆ ಮಾತ್ರ’ ಎಂಬ ಬೋರ್ಡು ಹಾಕಿದರೂ ನಿಲ್ಲಲಿಲ್ಲ. ನಿಮ್ಮ ಕಾಗದದ ವಿಷಯ ಎತ್ತಿದಾಗ ಅವಳು ಇಸ್ಪೀಟಿನ ಎಲೆಗಳನ್ನು ಮೇಜಿನ ಮೇಲೆ ಬಡಿದಳು. “ನಿನ್ನ ಕೂರ್ಸಿದ್ದು ನಾವು ನಾಕು ಜನ ಕಣೇ. ಆ ಕಳ್ಳರಲ್ಲ. ಅವ್ರ ಪರ ಮಾತಾಡೋ ಹಾಗಿದ್ರೆ ಅವ್ರ ಹತ್ರಾನೇ ಇಸ್ಪೀಟಾಡು, ಹೋಗು.” ಮೈಲೊ ಚೆಲ್ಲಿದ ಎಲೆಗಳನ್ನು ಆರಿಸಿ ಮತ್ತೆ ಕಲೆಸತೊಡಗಿದ. ಐವತ್ತು ವರ್ಷದ ಗೆಳತಿ ಅವಳು. ಹೆಸರೂ ಮುಖವೂ ಗೊತ್ತಿರುವ ನಾಲ್ವರು ಒಂದು ಕಡೆ. ಮುಖವೇ ನೋಡಿಲ್ಲದ ಸಾವಿರದ ಇನ್ನೂರು ಗಂಡಸರು ಇನ್ನೊಂದು ಕಡೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನನ್ನನ್ನು ಇಷ್ಟು ನಿಲ್ಲಿಸಿ ಕೇಳುವ ನೀವು, ಏನು ಮಾಡಿ ಒಳಗೆ ಹೋದಿರಿ ಎಂದು ಒಮ್ಮೆಯೂ ಬರೆದಿಲ್ಲ. ಅದನ್ನು ತಿಳಿಯುವ ಹಕ್ಕು ನನಗಿದೆ. ಎರಡನೇ ಓದು ಮಾರ್ಚ್ 8ಕ್ಕೆ. ಅಷ್ಟರೊಳಗೆ ಬರೆಯಿರಿ. ನಾನಿನ್ನೂ ಮನಸ್ಸು ಗಟ್ಟಿ ಮಾಡಿಕೊಂಡಿಲ್ಲ.

ಲೊರೇನ್ ಹ್ರುಸ್ಕಾ


ಮಾರ್ಚ್ 1, 2004

ಮಾನ್ಯರೇ,

ದಯವಿಟ್ಟು ಇನ್ನು ನನಗೆ ಕಾಗದ ಬರೆಯಬೇಡಿ. ನಾನೂ ಬರೆಯುವುದಿಲ್ಲ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆಯಿರಲಿ.

ವೆ. ಟ್ರೈಸ್


ಮಾರ್ಚ್ 10, 2004

ಟ್ರೈಸ್ ಅವರಿಗೆ,

ಬೇಡ ಎಂದರೂ ಬರೆಯುತ್ತಿದ್ದೇನೆ, ಕೊನೆಯ ಸಲ. ಕೇಳಬೇಕಾದ ಒಂದು ಪ್ರಶ್ನೆ ಕೇಳಿದ್ದಕ್ಕೆ ಮುಖದ ಮೇಲೆ ಬಾಗಿಲು ಹಾಕಿದಿರಿ. ಅಂದರೆ ನನ್ನನ್ನು ಗದರಿಸುವವರೆಗೆ ಮಾತ್ರ ನಾನು ನಿಮ್ಮ ಮೆಂಬರು ಎಂದಾಯಿತು.

ಸೋಮವಾರ ಎರಡನೇ ಓದು ಆಯಿತು. ನಾನು ಮತ್ತೆ ನಿಯಮದ ಪರವಾಗಿಯೇ ಕೈ ಎತ್ತಿದೆ. ಮೂರು, ಎರಡು. ಈ ಸಲ ಪತ್ರಿಕೆಗೆ ಮುಂಚೆ ನಾನೇ ತಿಳಿಸುತ್ತಿದ್ದೇನೆ, ಮುಚ್ಚಿಟ್ಟೆ ಎಂದು ಹೇಳಬೇಡಿ. ಕೊನೆಯ ಓದು ಇದೇ 22ಕ್ಕೆ.

ಲೊರೇನ್ ಹ್ರುಸ್ಕಾ


ಮಾರ್ಚ್ 15, 2004

ವೆಂಡಲ್ ಅವರೇ,

ನಿಮ್ಮ ಉತ್ತರ ಬರುವುದಿಲ್ಲವೆಂದು ಗೊತ್ತು. ಯಾಕೆ ಬರುವುದಿಲ್ಲ ಎಂಬುದೂ ನಿನ್ನೆ ಗೊತ್ತಾಯಿತು.

ನಿಮಗೆ ನಾನು ಹೇಳದ ಒಂದು ವಿಷಯವಿದೆ. ನನ್ನ ಅಳಿಯ ಡೇಲ್ ನಿಮ್ಮ ಜೈಲಿನಲ್ಲೇ ಕಾವಲಿನವನು. ಈ ಊರಿನಲ್ಲಿ ಯಾರ ಮನೆಯಲ್ಲಿಲ್ಲ ಹೇಳಿ, ಹಾಗಾಗಿ ಅದು ಹೇಳಬೇಕಾದ ವಿಷಯವೆಂದು ನನಗೆ ಹೊಳೆದಿರಲಿಲ್ಲ. ಭಾನುವಾರದ ಊಟಕ್ಕೆ ಮಗಳು, ಅಳಿಯ ಬಂದಿದ್ದರು. ಬಾತುಕೋಳಿಯ ಸಾರು ಬಡಿಸುತ್ತಿದ್ದೆ. ಡೇಲ್ ನಗುತ್ತ, “ಅತ್ತೆ, ನಿಮ್ಗೊಬ್ಬ ಕಾಗ್ದ ಬರೀತಿದ್ನಲ್ಲ, ಅವನ ಬಾಯಿ ಮುಚ್ಚಿಸಿದೀನಿ. ಇನ್ನೊಂದ್ ಸಲ ನಮ್ಮತ್ತೆ ಹೆಸ್ರು ಬರ್ದ್ರೆ ನಿಮ್ಮಮ್ಮನ ಹೆಸ್ರು ಭೇಟಿ ಪಟ್ಟೀಲಿ ಇರಲ್ಲ ಅಂದೆ. ತಣ್ಣಗಾದ” ಎಂದ. ನೀವು ಬಾಗಿಲು ಹಾಕಿದ್ದು ಸೊಕ್ಕಿನಿಂದ ಎಂದುಕೊಂಡು, ಆ ಸಿಟ್ಟಿನಲ್ಲೇ ನಾನು ಎರಡನೇ ಸಲ ಕೈ ಎತ್ತಿದ್ದೆ.

ಇನ್ನೊಂದು ಹೇಳಬೇಕು, ಇದು ಅದಕ್ಕಿಂತ ಕೆಟ್ಟದ್ದು. ಮಾರ್ಚ್ 6ರ ಶನಿವಾರ ನಾನು ವ್ಲಾಸ್ಟಾಳ ಬೇಕರಿಯಲ್ಲಿ ಕೂತಿದ್ದೆ. ನೇರಳೆ ಟೋಪಿ ಹಾಕಿದ್ದ ಒಬ್ಬ ವಯಸ್ಸಾದ ಹೆಂಗಸು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಗಸಗಸೆ ತುಂಬಿದ ಬನ್ನು ಕೊಂಡರು, ಗಿರಾಕಿ ಅನ್ನಿಸಿಕೊಳ್ಳುವುದಕ್ಕೆ. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, “ಏನಮ್ಮಾ, ಇಲ್ಲಿ ಮಿಸೆಸ್ ಹ್ರುಸ್ಕಾ ಅಂತ ಇದಾರಲ್ಲ, ನಮ್ಮ ಮೆಂಬರು, ಅವರ ಮನೆ ಎಲ್ಲಿ? ಒಂದು ಮಾತು ಥ್ಯಾಂಕ್ಸ್ ಹೇಳಿ ಹೋಗ್ಬೇಕಿತ್ತು” ಎಂದರು. ವ್ಲಾಸ್ಟಾ ನನ್ನನ್ನೇ ನೋಡುತ್ತಿದ್ದಳು. ನಾನು, “ಆಕೆ ಇವತ್ತು ಊರಲ್ಲಿಲ್ಲ” ಎಂದೆ. ಅವರು ಹೊರಗೆ ಹೋಗಿ ಗಾಳಿಯಲ್ಲಿ ನಿಂತುಕೊಂಡು ಬನ್ನು ತಿಂದರು. ಮಂಜು ಕವಿದಿದ್ದರಿಂದ ಯಾರೂ ತಪ್ಪಿಸಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಲು ಕೈದಿಗಳನ್ನು ಮತ್ತೆ ಎಣಿಸಿ ತಡವಾಗಿ, ಎರಡನೇ ತಂಡವನ್ನು ಒಳಗೆ ಬಿಡಲಿಲ್ಲವೆಂದು ಆಮೇಲೆ ತಿಳಿಯಿತು. ಅವರು ನಿಮ್ಮನ್ನು ನೋಡದೆ ವಾಪಸ್ಸು ಹೋದರು ಅಲ್ಲವೇ?

ನನಗೆ ನಾಚಿಕೆಯಾಗಿದೆ. ಡೇಲ್‌ಗೆ ಹೇಳಿದ್ದೇನೆ, ನಿಮ್ಮ ತಾಯಿಯ ಹೆಸರು ಮುಟ್ಟಿದರೆ ನಾನೇ ಜೈಲಿನ ಮೇಲಧಿಕಾರಿಯ ಬಾಗಿಲಿಗೆ ಹೋಗುತ್ತೇನೆ ಎಂದು. ಮಗಳು ಮಗುವನ್ನು ಎತ್ತಿಕೊಂಡು, ಊಟ ಮುಗಿಸದೆ ಎದ್ದುಹೋದಳು.

ಲೊರೇನ್


ಮಾರ್ಚ್ 18, 2004

ಮೇಡಂ,

ಇದು ಡೇಲ್ ಅವರ ಕೈಗೆ ಸಿಕ್ಕರೂ ಸಿಗಲಿ. ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ಇರಲಾರೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಇಬ್ಬರು ಗೆಳೆಯರನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಅಂಗಡಿಗೆ ಹೋದೆ. ಅವರ ಹತ್ತಿರ ಬಂದೂಕಿದ್ದದ್ದು ಗೊತ್ತಿತ್ತು. ನಾನು ಕಾರಿನಲ್ಲೇ ಇದ್ದೆ. ಒಳಗೆ ಗುಂಡು ಹಾರಿತು. ಅಂಗಡಿಯವರು ಬದುಕಿದರು, ಬಲಗೈ ಹೋಯಿತು. ನಾನು ಗುಂಡು ಹಾರಿಸಲಿಲ್ಲ ಎಂದು ತುಂಬ ವರ್ಷ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳುವುದಿಲ್ಲ. ಕಾರು ನನ್ನದು.

ಆ ಮಾರ್ಚ್ 6ರ ಸಂಜೆ ನಾನು ಅಮ್ಮನಿಗೆ ಫೋನು ಮಾಡಿದೆ. ನನ್ನನ್ನು ನೋಡಲಿಕ್ಕಾಗಲಿಲ್ಲ ಎಂದು ಅತ್ತಳು. ಆಮೇಲೆ ಅಂದಳು, “ಬೇಕರೀಲಿ ಒಬ್ಳು ಸಿಕ್ಕಿದ್ಳು ಮಗಾ. ನಿಮ್ಮ ಮೆಂಬರು ಊರಲ್ಲಿಲ್ಲ ಅಂದ್ಳು. ನಂಗೆ ಕಣ್ಣಿಲ್ಲ, ಕಿವಿ ಇದೆ. ಆ ದನಿ ನಡುಗ್ತು. ಅವಳೇ ಅವಳು.” ನಾನು ಬೈಯಲು ಶುರು ಮಾಡಿದೆ. ಬಾಯಿ ಮುಚ್ಚು ಎಂದಳು. “ಸುಳ್ಳು ಹೇಳುವಾಗ ನಡುಗೋಳು ಇನ್ನೂ ಪೂರ್ತಿ ಕೆಟ್ಟಿಲ್ಲ. ಕಾಯಿ.”

ಕಾಯುತ್ತಿದ್ದೇನೆ.

ವೆಂಡಲ್


ಮಾರ್ಚ್ 23, 2004

ವೆಂಡಲ್ ಅವರೇ,

ಗೆದ್ದೆವು! ನಿನ್ನೆ ಮೂರನೇ ಓದಿನಲ್ಲಿ ನಿಯಮ ಬಿದ್ದುಹೋಯಿತು, ಮೂರು ಎರಡರಿಂದಲೇ, ಈ ಸಲ ನಮ್ಮ ಕಡೆ. ನನ್ನ ಹೆಸರು ಕೂಗಿದರು. ಬೇಡ ಎಂದೆ. ಮೇಯರು ಕನ್ನಡಕ ತೆಗೆದು, “ಲೊರೇನ್, ಸರಿಯಾಗಿ ಕೇಳಿಸ್ತಾ ನಿಂಗೆ?” ಎಂದರು. “ಕೇಳಿಸ್ತು. ನನ್ನ ವಾರ್ಡಿನವ್ರಿಗೆ ಬಸ್ಸು ಬೇಕಂತೆ” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ, “ಯಾವ್ ವಾರ್ಡಿನವ್ರು, ಬೇಡಿ ಹಾಕ್ಕೊಂಡಿರೋರಾ?” ಎಂದರು. ಹೌದು, ಅವರೇ ಎಂದೆ.

ಮುಂದಿನ ಚುನಾವಣೆಯ ಹೊತ್ತಿಗೆ ಜೈಲನ್ನು ಲೆಕ್ಕದಿಂದ ಬಿಟ್ಟು ವಾರ್ಡುಗಳ ಗಡಿ ಹೊಸದಾಗಿ ಹಾಕಬೇಕು ಎಂಬ ಮಾತು ಆಗಲೇ ಎದ್ದಿದೆ. ಹಾಗಾದರೆ ನನ್ನ ಕುರ್ಚಿ ಇರುವುದಿಲ್ಲ. ಅದು ನ್ಯಾಯವೇ. ನಾಲ್ಕು ಓಟಿಗೆ ಒಂದು ಕುರ್ಚಿ ಎಂದರೆ ಮಿಕ್ಕ ವಾರ್ಡಿನವರಿಗೆ ಮೋಸ. ಆದರೆ ಆಮೇಲೆ ನೀವು ಯಾರಿಗೆ ಬರೆಯುತ್ತೀರಿ ಎಂದು ಮಾತ್ರ ನನಗೆ ತಿಳಿಯುತ್ತಿಲ್ಲ.

ವ್ಲಾಸ್ಟಾ ಮಾತು ಬಿಟ್ಟಿದ್ದಾಳೆ. ಇಸ್ಪೀಟು ನಿಂತಿದೆ. ಇರಲಿ. ಏಪ್ರಿಲ್ 3ಕ್ಕೆ ಅಮ್ಮನನ್ನು ಮೊದಲ ತಂಡದಲ್ಲೇ ಒಳಗೆ ಕಳಿಸುತ್ತೇನೆ, ಚೌಕದಲ್ಲಿ ನಾನೇ ನಿಂತಿರುತ್ತೇನೆ.

ಲೊರೇನ್


ಮಾರ್ಚ್ 27, 2004

ಮೇಡಂ,

ನಿಮ್ಮ ಕಾಗದ ಸುತ್ತಿ ಬಳಸಿ ಇವತ್ತು ಸಿಕ್ಕಿತು. ನಾನೀಗ ನಿಮ್ಮೂರಿನಲ್ಲಿಲ್ಲ. ಅದೇ 23ರ ಬೆಳಿಗ್ಗೆ ಹೆಸರು ಕೂಗಿ, ಗಂಟು ಕಟ್ಟಿಸಿ, ವ್ಯಾನಿಗೆ ಹತ್ತಿಸಿದರು. ರಾಜ್ಯದ ಇನ್ನೊಂದು ತುದಿಗೆ ಬಂದಿದ್ದೇನೆ, ಮಿಸೌರಿಯ ಗಡಿ ಇಲ್ಲಿಂದ ಹತ್ತಿರ. ಯಾಕೆಂದು ಯಾರೂ ಹೇಳುವುದಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಡೇಲ್ ಅವರ ಕೆಲಸ ಎನ್ನಲು ನನ್ನ ಹತ್ತಿರ ಸಾಕ್ಷಿಯಿಲ್ಲ, ನೀವು ಮನೆಯಲ್ಲಿ ಜಗಳ ಮಾಡಬೇಡಿ. ಇಲ್ಲಿಗೆ ಯಾವ ಚರ್ಚಿನ ಬಸ್ಸೂ ಬರುವುದಿಲ್ಲ.

ಹೊಸಬರಿಗೆ ಇನ್ನೂ ಫೋನು ಕೊಟ್ಟಿಲ್ಲ. ಅಮ್ಮನಿಗೆ ಕಾಗದ ಹಾಕಿದ್ದೇನೆ, ಆದರೆ ಪಕ್ಕದ ಮನೆಯವಳು ಬಂದು ಓದಿ ಹೇಳುವುದು ಯಾವಾಗಲೋ. ಮುಂದಿನ ಶನಿವಾರ ಅವಳು ಆ ಬಸ್ಸಿನಿಂದ ಇಳಿಯುತ್ತಾಳೆ. ಜೈಲಿನ ಬಾಗಿಲಲ್ಲಿ, ಅವನಿಲ್ಲ ಹೋಗು ಎಂಬ ಮಾತು ಯಾರೋ ಕಾವಲಿನವನ ಬಾಯಿಂದ ಅವಳು ಕೇಳಬಾರದು. ನೀವು ಹೇಳಿ. ಆ ಊರಿನಲ್ಲಿ ನನಗೆ ಬೇರೆ ಯಾರಿದ್ದಾರೆ?

ಒಂದು ತಮಾಷೆ. ಮುಂದಿನ ಜನಗಣತಿ 2010ಕ್ಕೆ. ಅಲ್ಲಿಯವರೆಗೆ ದೇಶದ ಲೆಕ್ಕದಲ್ಲಿ ನಾನು ನಿಮ್ಮ ಎರಡನೇ ವಾರ್ಡಿನಲ್ಲೇ ಮಲಗಿದ್ದೇನೆ.

ವೆಂಡಲ್


ಏಪ್ರಿಲ್ 4, 2004, ಭಾನುವಾರ

ವೆಂಡಲ್,

ಇದನ್ನು ನಿಮ್ಮ ಹೊಸ ಜೈಲಿನ ಹೊರಗೆ, ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ನೀವೀಗ ಒಳಗೆ ಅಮ್ಮನ ಎದುರು ಕೂತಿರುತ್ತೀರಿ. ನಿಮ್ಮ ಭೇಟಿ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಹಾಗಾಗಿ ಬಾಗಿಲವರೆಗೆ ಕೈ ಹಿಡಿದುಕೊಂಡು ಹೋಗಿ ಬಿಟ್ಟು ಬಂದೆ.

ನಿನ್ನೆ ಬಸ್ಸು ಬಂದಾಗ ಚೌಕದಲ್ಲಿ ಕಾಯುತ್ತಿದ್ದೆ. ಕೊನೆಯಲ್ಲಿ ಇಳಿದರು. ನಾನು ಲೊರೇನ್ ಹ್ರುಸ್ಕಾ ಎಂದೆ. “ಗೊತ್ತು. ಇವತ್ತು ಊರಲ್ಲಿದೀಯಾ?” ಎಂದರು. ಆಮೇಲೆ ವಿಷಯ ಹೇಳಿದೆ. ಅವರು ಬೆಂಚು ಹುಡುಕಿ ಕೂತು, ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕೊನೆಗೆ, “ಬಸ್ಸು ಉಳಿಸ್ಕೊಂಡೆ, ನನ್ನ ಮಗನ್ನ ಉಳಿಸ್ಕೊಳ್ಳಲಿಲ್ಲ ನೀನು” ಎಂದರು. ಹೌದು ಎಂದೆ. ಬೇರೆ ಏನು ಹೇಳಲಿ? ಮೊದಲ ಸಲವೇ ಬೇಡ ಎಂದಿದ್ದರೆ ಈ ರಂಪ ಇಷ್ಟು ಬೆಳೆಯುತ್ತಿರಲಿಲ್ಲ. ನೀವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ರಾತ್ರಿ ನಮ್ಮ ಮನೆಯಲ್ಲೇ ಮಲಗಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಮೈಲೊ ಕಾರಿಗೆ ಪೆಟ್ರೋಲು ತುಂಬಿಸಿ, ಗಾಜು ಒರೆಸಿ ನಿಲ್ಲಿಸಿದ್ದ. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಕಡೆ ಮುಖ ಮಾಡಿದ್ದರು. “ಏನು ಕಾಣ್ತಿದೆ?” ಎಂದು ಕೇಳಿದೆ. “ಬೆಳಕು ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಹೊಗೆ” ಎಂದರು. ಅಲ್ಲಿಂದ ಮುಂದೆ ನನಗೆ ಒಂದೇ ಭಯ, ತಡವಾಯಿತೆಂದು. ಮಾರ್ಚ್ 6ರಂದು ನಾನೇ ಲೊರೇನ್ ಎಂದು ಹೇಳಿ, ಜೊತೆಯಲ್ಲಿ ಜೈಲಿನ ಬಾಗಿಲಿಗೆ ಹೋಗಿದ್ದರೆ ಅವತ್ತೇ ಒಳಗೆ ಬಿಡುತ್ತಿದ್ದರೇನೋ, ಅದನ್ನು ನಾನು ಏಪ್ರಿಲ್‌ಗೆ ತಳ್ಳಿದೆ. ಅವರಿಗೆ ನಿಮ್ಮ ಮುಖ ಕಾಣದೆ ಹೋದರೆ ಅದಕ್ಕೆ ಹೊಣೆ ನಾನೇ. ಸಮಾಧಾನದ ಮಾತು ಬರೆಯಬೇಡಿ, ಬೈದು ಬರೆಯಿರಿ.

ಬಾಗಿಲು ತೆಗೆದರು. ಬರುತ್ತಿದ್ದಾರೆ, ನಿಲ್ಲಿಸುತ್ತೇನೆ.

ಮತ್ತೆ ಬರೆಯುತ್ತಿದ್ದೇನೆ, ದಾರಿಯಲ್ಲಿ ಒಂದು ಹೋಟೆಲಿನಲ್ಲಿ. ಕಾರು ಹತ್ತಿದ ಮೇಲೆ ಅಮ್ಮ ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಕೇಳಲು ನನಗೂ ಧೈರ್ಯ ಬರಲಿಲ್ಲ. ಎಷ್ಟೋ ಮೈಲಿ ಆದ ಮೇಲೆ, ನನ್ನ ತೋಳಿಗೆ ಜೋರಾಗಿಯೇ ಒಂದು ಏಟು ಕೊಟ್ಟು ಹೇಳಿದರು:

“ಮುಖಕ್ಕೆ ಮುಖ ತಂದು ನೋಡ್ದೆ. ಇನ್ನೂ ನಲವತ್ತಾಗಿಲ್ಲ ಅವನಿಗೆ, ಕಿವಿ ಪಕ್ಕ ಎಲ್ಲಾ ಬೆಳ್ಳಗಾಗಿದೆ. ಯಾರೂ ನಂಗೆ ಹೇಳಲೇ ಇಲ್ವಲ್ಲೇ.”

ಲೊರೇನ್